ಗುಂಡುಬಂಡೆ ಬಾವಿಗೆ ಬಿಟ್ಟ ರೇಷ್ಮೆ

ಹಿಂದೂಪುರದಲ್ಲಿ ಮಗ್ಗಗಳ ಸದ್ದು ಮುಗಿದು ಬಂಡೆಗಳು ಶುರುವಾಗುವ ಕಡೆ ಆಂಜನಪ್ಪನ ಮನೆ ಇತ್ತು. ಅವನು ನೇಯುತ್ತಿರಲಿಲ್ಲ. ನೇಯುವವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ. ಅವನ ಉಗುರು ನೋಡಿದರೆ ಸಾಕು, ಆ ವಾರ ಬೀದಿಯಲ್ಲಿ ಎಂಥ ಸೀರೆ ಮಗ್ಗಕ್ಕೇರಿದೆ ಎಂದು ಹೇಳಬಹುದಿತ್ತು. ಐವತ್ತು ದಾಟಿದ ಮೇಲೆ ಬಂದ ಬಿಳಿಗಡ್ಡ ಒಂದು ದಿನವೂ ಬಿಳಿಯಾಗಿ ಉಳಿಯಲಿಲ್ಲ. ಹಂಡೆಯಿಂದ ಸಿಡಿದ ಹನಿ ತಾಗಿ ಅದು ಒಮ್ಮೆ ನೇರಳೆಯಾಗುತ್ತಿತ್ತು, ಒಮ್ಮೆ ಅರಿಶಿನವಾಗುತ್ತಿತ್ತು. ಹೆಂಡತಿ ಬನಶಂಕರಮ್ಮ ಆಡಿಕೊಂಡರೆ, "ಕೂದ್ಲೂ ರೇಷ್ಮೆ ಜಾತೀನೇ ಕಣೆ. ಒಂದ್ಸಲ ಬಣ್ಣ ಕುಡೀತು ಅಂದ್ರೆ ಬಿಡಾಕಿಲ್ಲ" ಎನ್ನುತ್ತಿದ್ದ.

ಕೆಲಸ ಬೆಳಕು ಹರಿಯುವ ಮೊದಲೇ ಶುರು. ಹಸಿ ರೇಷ್ಮೆಯನ್ನು ಸೋಪು ಸೋಡಾ ಹಾಕಿ ಕುದಿಸಿ ಅಂಟು ಕಳೆಯಬೇಕು. ಆಮೇಲೆ ತಾಮ್ರದ ಹಂಡೆಯಲ್ಲಿ ಬಣ್ಣ, ಬಣ್ಣ ಹಿಡಿಯಲು ಆಸಿಡ್. ಕೋಲಿಗೆ ನೇತುಹಾಕಿದ ನೂಲಿನ ಲಡಿಗಳನ್ನು ತಿರುವಿ ತಿರುವಿ ಅದ್ದಿ, ಎತ್ತಿ, ಮೂರು ನೀರಿನಲ್ಲಿ ಜಾಲಾಡಬೇಕು. ಜಾಲಾಡುವ ಕೆಲಸ ಮುನಿಯಕ್ಕನದು. ಗುಂಡುಬಂಡೆ ಎಂಬ ಆರು ಮನೆಗಳ ಹಟ್ಟಿಯಿಂದ, ಇಳಿಜಾರಿನ ಅರ್ಧ ಮೈಲಿ ಹತ್ತಿ, ಇಪ್ಪತ್ತು ವರ್ಷ ಅವಳು ಬಂದಳು. ಆಂಜನಪ್ಪನ ಮಗಳು ಪ್ರಮೀಳಾ ತೊಟ್ಟಿಲಲ್ಲಿ ಅತ್ತಾಗ ಒದ್ದೆ ಕೈಯಲ್ಲೇ ತೂಗಿದವಳು ಅವಳು. ಜಾಲಾಡಿದ ನೀರನ್ನು ಬಿಂದಿಗೆಯಲ್ಲಿ ಹೊತ್ತು ಬೀದಿಯ ಚರಂಡಿಗೆ ಚೆಲ್ಲುವವಳೂ ಅವಳೇ. ಬಾಗಿಲ ಮುಂದೆ ಕೆಂಪು ನೀರು ನಿಂತು ಬೀದಿಯವರು ಜಗಳಕ್ಕೆ ಬಂದರೆ ಬೈಗುಳ ತಿನ್ನುವವಳೂ ಅವಳೇ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಆಂಜನಪ್ಪ ಹಿತ್ತಲಲ್ಲಿ ಬೋರ್ ಹಾಕಿಸಿದ. ಬೋರ್ ಲಾರಿಯ ಕೊಟ್ಟೂರಪ್ಪ ಮುನ್ನೂರ ಇಪ್ಪತ್ತು ಅಡಿ ಕೊರೆದ. ಬಿಳಿ ಧೂಳು ಎದ್ದು ಬನಶಂಕರಮ್ಮ ಒಣಗಹಾಕಿದ್ದ ಹಪ್ಪಳದ ಮೇಲೆಲ್ಲ ಕೂತಿತೇ ಹೊರತು ಒಂದು ಲೋಟ ನೀರು ಬರಲಿಲ್ಲ. ಎಪ್ಪತ್ತನೇ ಅಡಿಯಲ್ಲಿ ಮಾತ್ರ ರಾಡು ಇದ್ದಕ್ಕಿದ್ದ ಹಾಗೆ ಒಂದು ಗೇಣು ಕೆಳಕ್ಕೆ ಕುಸಿದಿತ್ತು.

"ಅಲ್ಲಿ ಬಂಡೆ ಬಾಯಿ ಬಿಟ್ಟೈತಣ್ಣ" ಎಂದಿದ್ದ ಕೊಟ್ಟೂರಪ್ಪ. "ಬಾಯಿ ಐತೆ, ನೀರಿಲ್ಲ. ಏನ್ ಮಾಡಾನ?"

ತೂತಿನ ಮೇಲೆ ಒಂದು ಚಪ್ಪಡಿ ಎಳೆದರು. ತಿಂಗಳಾದ ಮೇಲೆ ಒಂದು ದಿನ ಬೀದಿಯವರ ಜಗಳ ಮಿತಿಮೀರಿ ಮುನಿಯಕ್ಕ ತುಂಬಿದ ಬಿಂದಿಗೆಯ ಸಮೇತ ಹಿಂದಿರುಗಿ ಬಂದಳು. ಆಂಜನಪ್ಪನಿಗೆ ಚಪ್ಪಡಿ ಕಣ್ಣಿಗೆ ಬಿತ್ತು.

"ಅದ್ರೊಳಕ್ಕೇ ಹುಯ್ಯಿ ಮುನಿಯಕ್ಕ" ಎಂದ.

ಅವಳು ಹುಯ್ದಳು. ಬೋರು ಗುಳುಗುಳು ಎಂದು ಕುಡಿಯಿತು. ಇನ್ನೊಂದು ಬಿಂದಿಗೆ. ಅದನ್ನೂ ಕುಡಿಯಿತು. ಹತ್ತು, ಇಪ್ಪತ್ತು. ಮುನಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ಮತ್ತೆ ಹೊಟ್ಟೆ ಇದ್ದಂಗೈತೆ ಕಣಣ್ಣ. ಎಷ್ಟಿಕ್ಕಿದ್ರೂ ಸಾಕು ಅನ್ನಾಕಿಲ್ಲ."

ಹಿತ್ತಲಲ್ಲಿ ಎಲ್ಲರೂ ನಕ್ಕರು. ಅಂದಿನಿಂದ ದಿನಕ್ಕೆ ನಲವತ್ತು ಐವತ್ತು ಬಿಂದಿಗೆ ಆ ಬಾಯಿಗೇ ಬಿತ್ತು. ಬೀದಿ ಒಣಗಿತು, ಜಗಳ ನಿಂತಿತು. ಆಂಜನಪ್ಪನ ಮನಸ್ಸಿನಲ್ಲಿ ಅಳುಕಿರಲಿಲ್ಲ. ರೇಷ್ಮೆಗೆ ಹೋದ ಬಣ್ಣ ಹೊರಗೆ ಬರುವುದಿಲ್ಲ, ಮಣ್ಣಿಗೆ ಹೋದ ಬಣ್ಣವಂತೂ ಇಲ್ಲವೇ ಇಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ. ಬಣ್ಣದ ಮನೆಯವರೆಲ್ಲ ನಂಬಿದ್ದ ಮಾತು ಅದು. ಅಪ್ಪ ಹೇಳಿದ್ದು ಮಣ್ಣಿನ ಮಾತು. ಕೆಳಗಿರುವುದು ಬಂಡೆ ಎಂದು ಯಾರೂ ಯೋಚಿಸಲಿಲ್ಲ.

ಮರುವರ್ಷದ ಬರದಲ್ಲಿ ಸುತ್ತಲಿನ ಬಾವಿಗಳು ತಳ ಕಂಡವು. ಹಿಂದೂಪುರದವರು ಟ್ಯಾಂಕರ್ ಹಿಂದೆ ಓಡಿದರು. ಆದರೆ ಗುಂಡುಬಂಡೆಯ ಬಾವಿಯಲ್ಲಿ ಎದೆಮಟ್ಟ ನೀರು ನಿಂತೇ ಇತ್ತು. ಪಟ್ಟಣದ ಕಡೆಯ ಗೋಡೆಯಲ್ಲಿ, ಕಲ್ಲಿನ ಸೀಳಿನಿಂದ, ಒರತೆಯೊಂದು ಸಣ್ಣಗೆ ಜಿನುಗುತ್ತಲೇ ಇತ್ತು. ಹಟ್ಟಿಯ ಹೆಂಗಸರು ಶುಕ್ರವಾರ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚತೊಡಗಿದರು. ಮುನಿಯಕ್ಕನಿಗೆ ಹೆಮ್ಮೆ.

"ನೀವು ಟೌನ್‌ನೋರು ಟ್ಯಾಂಕರ್ ಬಾಲ ಹಿಡ್ಕೊಂಡ್ ಓಡ್ರಿ. ನಮ್ ಗಂಗಮ್ಮ ಕುಂತಲ್ಲೇ ಕೊಡ್ತಾಳೆ. ವಸಿ ಒಗರು, ಅಷ್ಟೇಯ. ಉಪ್ಪಿನ ಖರ್ಚು ಉಳೀತು ಅಂದ್ಕಂಡ್ರಾಯ್ತು."

ವರ್ಷಗಳು ಹೋದ ಹಾಗೆ ಬೇರೆ ಮಾತುಗಳೂ ಬಂದವು. ಮುನಿಯಕ್ಕನ ಸೊಸೆ ಸುಷ್ಮಾಗೆ ಹೊಟ್ಟೆನೋವು. ಮೊಮ್ಮಗಳು ಮೇಘನಾಳ ಮೈಯೆಲ್ಲ ಕೆರೆತ. ಕುರಿಗಳು ತೊಟ್ಟಿಗೆ ಮೂತಿಯಿಟ್ಟು ಹಿಂದಕ್ಕೆ ಸರಿಯುತ್ತವೆ. ಆಂಜನಪ್ಪ ಕೇಳಿಸಿಕೊಂಡು, "ಡಾಕ್ಟರಿಗೆ ತೋರಿಸು ಮುನಿಯಕ್ಕ" ಎಂದು ಲಡಿ ತಿರುವುತ್ತಿದ್ದ. ಆ ನೀರಿನ ರುಚಿ ಅವನಿಗೆ ಗೊತ್ತಿರಲಿಲ್ಲ. ಗುಂಡುಬಂಡೆಯವರ ಕೈಯಲ್ಲಿ ನೀರು ಕುಡಿಯುವ ಪದ್ಧತಿ ಅವನ ಮನೆತನಕ್ಕೆ ಇರಲಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಹಟ್ಟಿಗೆ ಹೋದರೆ ಅವನಿಗಾಗಿ ಅಂಗಡಿಯಿಂದ ಸೋಡಾ ಬಾಟಲಿ ಬರುತ್ತಿತ್ತು. ಒಂದೇ ಒಂದು ಗುಟುಕು ಕುಡಿದಿದ್ದರೆ ಅವನ ನಾಲಿಗೆ ಕೂಡಲೇ ಹೇಳುತ್ತಿತ್ತು. ಐದು ವರ್ಷ ಅವನು ಆ ಗುಟುಕು ಕುಡಿಯಲಿಲ್ಲ.

ಎರಡು ಸಾವಿರದ ಏಳರ ಬೇಸಿಗೆಯ ಮೊದಲಲ್ಲಿ ಮೇಘನಾಳಿಗೆ ಕಿವಿ ಚುಚ್ಚಿಸಿದರು. ನಾಲ್ಕು ವರ್ಷದ ಹುಡುಗಿ ಚೀರಾಡಿ, ಬೆಲ್ಲ ಸಿಕ್ಕ ಮೇಲೆ ಸುಮ್ಮನಾಗಿದ್ದಳು. ಆಂಜನಪ್ಪ ಮುನಿಯಕ್ಕನ ಮನೆ ಜಗಲಿಯಲ್ಲಿ ಸೋಡಾ ಕುಡಿಯುತ್ತಾ ಕೂತಿದ್ದ. ಎದುರಿಗೆ ಬಿಸಿಲಲ್ಲಿ ಮುನಿಯಕ್ಕನ ಅತ್ತೆ, ಎಲ್ಲರೂ ದೊಡ್ಡಜ್ಜಿ ಎನ್ನುವ ತೊಂಬತ್ತರ ಮುದುಕಿ, ತಲೆ ಒಣಗಿಸಿಕೊಳ್ಳುತ್ತಿದ್ದಳು. ಕಣ್ಣು ಕಾಣದು. ಕೂದಲು ಹತ್ತಿಯಂತೆ ಬಿಳುಪು. ಆದರೆ ತುದಿಗಳಲ್ಲಿ, ಬೆನ್ನಿನ ಮೇಲೆ ಹರಡಿದ ಒಂದು ಗೇಣಿನಷ್ಟು ಉದ್ದಕ್ಕೆ, ನಸುಗುಲಾಬಿ.

ಆಂಜನಪ್ಪ ಬಾಟಲಿ ಕೆಳಗಿಟ್ಟ.

ಮುನಿಯಕ್ಕನ ಮಗ ನರಸಪ್ಪ ನಗುತ್ತಿದ್ದ. "ನೋಡಿದ್ರಾಣ್ಣ? ನಮ್ಮಜ್ಜಿಗೆ ವಯಸ್ಸು ಹಿಂದಕ್ಕೆ ತಿರುಗ್ಬುಟ್ಟೈತೆ. ಇನ್ನೊಂದ್ ವರ್ಸ ಹೋದ್ರೆ ಗಂಡು ಹುಡುಕ್ಬೇಕು."

"ನಿಂಗ್ ಹುಡುಕಿದ್ದೇ ಸಾಕಾಗೈತೆ, ಸುಮ್ಕಿರ್ಲಾ" ಎಂದಳು ದೊಡ್ಡಜ್ಜಿ.

"ತಲೆಗೆ ಏನ್ ಹಾಕ್ತೀರಜ್ಜಿ?" ಆಂಜನಪ್ಪನ ದನಿ ಅವನಿಗೇ ದೂರದಿಂದ ಕೇಳಿಸಿತು.

"ಏನ್ ಹಾಕಾನಪ್ಪ. ಸೀಗೆಕಾಯಿ ಕಂಡು ಎಷ್ಟ್ ವರ್ಸ ಆಯ್ತೋ. ಬಾವಿ ನೀರು ಹುಯ್ಕೊಳ್ಳೋದು, ಒಣಗಿಸ್ಕೊಳ್ಳೋದು."

ಅವನು ಆ ಬಣ್ಣವನ್ನು ಬಲ್ಲ. ಕಳೆದ ಎರಡು ಮದುವೆ ಕಾಲಕ್ಕೆ ಹಂಡೆ ಹಂಡೆ ಹಾಕಿದ ಕಡುಗುಲಾಬಿ, ರಾಣಿ ಬಣ್ಣ ಅದು. ನೂರು ಪಾಲು ನೀರು ಬೆರೆತು ತೆಳುವಾಗಿದೆ, ಅಷ್ಟೇ. ಕೈಗೆ ಕೊಟ್ಟ ಬಾಳೆಹಣ್ಣು ಸುಲಿದು ಬಾಯಿಗಿಟ್ಟ. ಏನು ತಿಂದನೋ ಗೊತ್ತಾಗಲಿಲ್ಲ.

ದಾರಿಯುದ್ದಕ್ಕೂ ತನ್ನ ಪರವಾಗಿ ತಾನೇ ವಾದ ಮಾಡಿಕೊಂಡು ನಡೆದ. ಮುನಿಯಕ್ಕನ ಕೈಗಳಲ್ಲಿ ದಿನವೂ ಬಣ್ಣವಿರುತ್ತದೆ, ಅದೇ ಕೈಯಲ್ಲಿ ಅತ್ತೆಯ ತಲೆ ಬಾಚುತ್ತಾಳೆ, ಹಾಗೆ ಹತ್ತಿರಬಹುದು. ಬಾವಿಗೂ ಬೋರಿಗೂ ಅರ್ಧ ಮೈಲಿ. ನಡುವೆ ಇರುವುದೆಲ್ಲ ಇಡೀ ಬಂಡೆ. ಮರುದಿನ ಕೊಟ್ಟೂರಪ್ಪನನ್ನು ಹುಡುಕಿಕೊಂಡು ಹೋದ. ಅವನು ಲಾರಿ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ.

"ಎಪ್ಪತ್ತನೇ ಅಡೀಲಿ ಬಂಡೆ ಬಾಯಿ ಬಿಟ್ಟೈತೆ ಅಂದಿದ್ದೆಯಲ್ಲ, ಆ ಬಾಯಿ ಎಲ್ಲಿಗೆ ಹೋಯ್ತದೆ?"

"ಬಂಡೆ ಒಳಗೂ ಬೀದಿಗಳಿರ್ತವಣ್ಣ. ಯಾವ್ ಬೀದಿ ಯಾರ್ ಮನೆಗೆ ಹೋಯ್ತದೋ, ಲಾರಿಯೋನಿಗೇನ್ ಗೊತ್ತು?" ಕೊಟ್ಟೂರಪ್ಪ ತೆವಳಿಕೊಂಡು ಹೊರಗೆ ಬಂದ. "ತಾಡಿಪತ್ರಿ ಆಚೆ ಸುಣ್ಣಕಲ್ಲಿನ ಸೀಮೆ ಐತಲ್ಲ, ಅಲ್ಲಂತೂ ನೆಲದೊಳಗೆ ಗವಿಗಳೇ. ಒಂದು ಊರೋರು ಹಳ್ಳದ ಬಿಲಕ್ಕೆ ಭತ್ತದ ಹೊಟ್ಟು ಸುರಿದ್ರಂತೆ, ಮೂರನೇ ದಿನ ಆಚೆ ಊರ ಬಾವೀಲಿ ತೇಲ್ತಂತೆ. ನಮ್ಮದು ಕರಿಕಲ್ಲು. ಗವಿ ಇಲ್ಲ, ಸೀಳು. ಹೊಟ್ಟು ನುಗ್ಗಾಕಿಲ್ಲ, ನೀರು ನುಗ್ತದೆ. ಯಾಕಣ್ಣ, ಮತ್ತೆ ಬೋರ್ ಹಾಕಿಸ್ತೀರಾ?"

"ಸುಮ್ನೆ ಕೇಳ್ದೆ."

ಹೊಟ್ಟು ನುಗ್ಗದು, ಬಣ್ಣ ನುಗ್ಗುತ್ತದೆ. ಆಂಜನಪ್ಪನಿಗೆ ಅಲ್ಲಿಂದಲೇ ಉಪಾಯ ಹೊಳೆಯಿತು. ಆದರೂ ಮೂರು ವಾರ ಏನೂ ಮಾಡಲಿಲ್ಲ. ಮದುವೆ ಕಾಲ. ಒಪ್ಪಿಕೊಂಡ ಲಡಿಗಳು ಕಾಯುತ್ತಿದ್ದವು. ಮುನಿಯಕ್ಕ ಎಂದಿನಂತೆ ಬಿಂದಿಗೆ ಹೊತ್ತು ಹಿತ್ತಲಿಗೆ ಹೋಗುತ್ತಿದ್ದಳು. ಬೋರಿನ ಗುಳುಗುಳು ಒಳಮನೆಯವರೆಗೂ ಕೇಳುತ್ತಿತ್ತು. ಅನ್ನ ಕಲಸುವಾಗ, ಕೈ ತೊಳೆಯುವಾಗ ಅವನ ಕಿವಿ ಅಲ್ಲೇ ಇರುತ್ತಿತ್ತು. ಯಾರೋ ಕುಡಿಯುತ್ತಿರುವ ಸದ್ದು ಅದು ಎನ್ನಿಸತೊಡಗಿತು. ಯಾರು ಎಂಬುದೂ ಗೊತ್ತಿತ್ತು. ಅವಳನ್ನು ಕರೆದು "ಹುಯ್ಯಬೇಡ" ಎನ್ನಲು ಬಾಯಿ ತೆರೆಯುತ್ತಿದ್ದ. "ಯಾಕಣ್ಣ?" ಎಂದು ಕೇಳಿದರೆ? ಬಾಯಿ ಮುಚ್ಚುತ್ತಿದ್ದ.

ಕೊನೆಗೊಂದು ಭಾನುವಾರ, ಮುನಿಯಕ್ಕ ಬರದ ದಿನ, ಅವನು ಹಳೆಯ ಡಬ್ಬಿಯೊಂದನ್ನು ತೆಗೆದ. ಗಿಳಿಹಸಿರು. ಹತ್ತು ವರ್ಷದಿಂದ ಆ ಬಣ್ಣ ಕೇಳಿದವರಿಲ್ಲ, ಹಂಡೆಗೆ ಬಿದ್ದದ್ದೂ ಇಲ್ಲ. ಅರ್ಧ ಕಿಲೋ ಪುಡಿಯನ್ನು ಬಿಸಿನೀರಲ್ಲಿ ಕಲಸಿ ಬೋರಿನ ಬಾಯಿಗೆ ಸುರಿದ. ಹಿಂದಿನಿಂದ ಟ್ಯಾಂಕರಿನ ನೀರನ್ನೂ ಬಿಟ್ಟ. ಆಮೇಲೆ ಅಂಟು ಕಳೆದ ಬಿಳಿ ರೇಷ್ಮೆಯ ಲಡಿಯೊಂದಕ್ಕೆ ಕಲ್ಲು ಕಟ್ಟಿಕೊಂಡು ಗುಂಡುಬಂಡೆಗೆ ಹೋದ. ಬಾವಿ ನೀರಲ್ಲಿ ಬಣ್ಣ ತೆಳುವಾಗಿದ್ದರೆ ಕಣ್ಣಿಗೆ ಕಾಣದು. ರೇಷ್ಮೆಗೆ ಕಾಣುತ್ತದೆ. ಅದು ದಿನದಿಂದ ದಿನಕ್ಕೆ ಹನಿ ಹನಿಯಾಗಿ ಕೂಡಿಟ್ಟುಕೊಳ್ಳುತ್ತದೆ.

ಬಾವಿಕಟ್ಟೆಯಲ್ಲಿ ಹೆಂಗಸರಿದ್ದರು. ಇದೇನೆಂದು ಮುನಿಯಕ್ಕ ಕೇಳಿದಳು.

"ಹರಕೆ" ಎಂದ ಆಂಜನಪ್ಪ. "ಪ್ರಮೀಳಂಗೆ ಐದು ತಿಂಗಳಲ್ವಾ. ಗಂಗಮ್ಮಂಗೆ ಬಿಳಿ ಲಡಿ ಬಿಡ್ತೀನಿ ಅಂದ್ಕೊಂಡಿದ್ದೆ."

ಹೆಂಗಸರ ಮುಖಗಳು ಅರಳಿದವು. ಟೌನಿನವರು ತಮ್ಮ ಬಾವಿಗೆ ಹರಕೆ ತಂದದ್ದು ಅದೇ ಮೊದಲು. ಮುನಿಯಕ್ಕ ಓಡಿಹೋಗಿ ಅರಿಶಿನದ ಬಟ್ಟಲು ತಂದಳು.

"ಅರಿಶಿನ ಬ್ಯಾಡ! ಬಣ್ಣ ಹತ್ತೀತು."

"ಅಯ್ಯೋ ಸಿವನೆ! ಹರಕೆಗೆ ಅರಿಶಿನ ಬ್ಯಾಡ ಅನ್ನೋರ್ನ ಇವತ್ತೇ ನೋಡಿದ್ದು. ಬಣ್ಣದಪ್ಪಂಗೆ ದೇವರ ಮುಂದೇನೂ ಬಣ್ಣದ್ದೇ ಚಿಂತೆ" ಎಂದು ಅವಳು ಹಗ್ಗದ ತುದಿಗಷ್ಟೇ ಹಚ್ಚಿದಳು.

ಲಡಿ ಒರತೆಯ ಕೆಳಗೆ ನೀರಲ್ಲಿ ಇಳಿಯಿತು. ಬಿಚ್ಚಿಕೊಂಡು ಬೆಳ್ಳಗೆ ಮುದುಕಿಯ ಕೂದಲಿನಂತೆ ತೇಲಿತು.

ಮರುದಿನದಿಂದ ಅವನು ಹಂಡೆ ಹೊತ್ತಿಸಲಿಲ್ಲ, ಬೆನ್ನುನೋವು ಎಂದ. ಸಂಜೆ ಸಂಜೆ ಗುಂಡುಬಂಡೆಗೆ ನಡೆದು ಲಡಿ ಎತ್ತಿ ನೋಡುತ್ತಿದ್ದ. ಎರಡನೇ ದಿನ ಬಿಳಿ. ಐದನೇ ದಿನ ಬಿಳಿ. ಎಂಟನೇ ದಿನ ನಸುಗೆಂಪಾಗಿ ಮಾಸಿತ್ತು, ಅದು ಬಾವಿಯ ಕೆಸರು ಎಂದುಕೊಂಡ. ಹನ್ನೊಂದನೇ ದಿನವೂ ಹಸಿರಿಲ್ಲ. ಅವನ ಪಕ್ಕದಲ್ಲೇ ಸುಷ್ಮಾ ಕೊಡ ತುಂಬಿಕೊಂಡು ಹೋಗುತ್ತಿದ್ದಳು. ಮೇಘನಾ ಬೊಗಸೆಯಲ್ಲಿ ಕುಡಿದು ಮೂಗೊರೆಸಿಕೊಳ್ಳುತ್ತಿದ್ದಳು. ಹನ್ನೆರಡನೇ ದಿನ, ಇನ್ನು ಭಯವಿಲ್ಲ ಎಂದು ತನಗೇ ಹೇಳಿಕೊಂಡು, ಬನಶಂಕರಮ್ಮನ ಜೊತೆ ಕಲ್ಯಾಣದುರ್ಗದ ಬಸ್ಸು ಹತ್ತಿದ. ಪ್ರಮೀಳಾಳನ್ನು ಏಳನೇ ತಿಂಗಳಿಗೆ ಸೀಮಂತ ಮಾಡಿ ಕರೆತರುವ ಮಾತಾಡಬೇಕಿತ್ತು. ಕಿಟಕಿಯ ಹೊರಗೆ ಶೇಂಗಾ ಹೊಲಗಳು ಬರಿದಾಗಿ ಹರಡಿದ್ದವು. ಎಷ್ಟೋ ದಿನಗಳ ಮೇಲೆ ಅವನಿಗೆ ಕೂತಲ್ಲೇ ನಿದ್ದೆ ಬಂತು.

ಅಳಿಯ ತಿಪ್ಪೇಶನ ಮನೆ ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದೆ, ಅವನ ಬಟ್ಟೆ ಅಂಗಡಿಗೆ ಅಂಟಿಕೊಂಡಂತೆ ಇತ್ತು. ಮಾತು ಮುಗಿದು, ದಿನ ಗೊತ್ತಾಗಿ, ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ಮುನಿಯಕ್ಕ ನಿಂತಿದ್ದಳು. ಬೆವರಿಗೆ ಕುಂಕುಮ ಮೂಗಿನ ತನಕ ಇಳಿದಿತ್ತು. ಕಂಕುಳಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ನೀರಿನ ಬಾಟಲಿ.

"ಮುನಿಯತ್ತೆ!" ಪ್ರಮೀಳಾ ಎದ್ದೇ ಬಿಟ್ಟಳು. "ಒಬ್ಳೇ ಬಂದ್ಯಾ?"

"ಒಬ್ಳೇ ಎಲ್ಲಿ? ಗಂಗಮ್ಮನ್ ಜೊತೆ ಬಂದೆ. ಬಸ್ಸಲ್ಲಿ ಕಂಡಕ್ಟ್ರು ಬಾಟ್ಲಿ ನೋಡ್ಬುಟ್ಟು 'ಏಮಿಟಮ್ಮಾ, ಸಾರಾಯಿನಾ?' ಅಂದ. 'ಕಾದು ನಾಯ್ನಾ, ತಲ್ಲಿ ಗಂಗಮ್ಮ' ಅಂದೆ, ಅಲ್ಲಪ್ಪ, ತಾಯಿ ಗಂಗಮ್ಮ ಅಂತ. ಕೈ ಮುಗಿದು ಸೀಟು ಬಿಡ್ಸಿಕೊಟ್ಟ ಕಣಮ್ಮ!"

ನಗುತ್ತಲೇ ಚೀಲ ಬಿಚ್ಚಿ ಒಂದು ತಟ್ಟೆ ಕೇಳಿ, ವೀಳ್ಯದೆಲೆ ಹರವಿ, ಅದರ ಮೇಲೆ ಲಡಿಯನ್ನು ಇಟ್ಟಳು. ರೇಷ್ಮೆ ಗಿಳಿಹಸಿರಾಗಿತ್ತು. ಒಂದು ಕಡೆ ಗಾಢ, ಒಂದು ಕಡೆ ಎಳೆ ಚಿಗುರು.

"ನೀವು ಬಂದ ಮಾರ್ನೇ ದಿನ ಹಸಿರು ತಿರುಗ್ತು ಕಣಣ್ಣ. ಇವತ್ ಬೆಳಿಗ್ಗೆ ನೋಡ್ತೀನಿ, ಹಿಂಗೆ! ಹಟ್ಟಿಯೋರೆಲ್ಲ ಕಾಯಿ ಒಡೆದ್ರು. ಬಿಳಿ ಕೊಟ್ರೆ ಅಮ್ಮ ಹಸಿರು ಮಾಡಿ ವಾಪಸ್ ಕೊಟ್ಟವ್ಳೆ. ಬಸುರಿಗೆ ಹಸಿರು ಬಳೆ, ಹಸಿರು ಸೀರೆ, ಇನ್ನೇನ್ ಬೇಕು? ನೋಡೀಗ, ಈ ನೂಲು ಸೇರಿಸಿ ಮಗೀಗೆ ಸೀಮಂತದ ಸೀರೆ ನೇಯಿಸ್ಬೇಕು."

ಬನಶಂಕರಮ್ಮ ಲಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಂಜನಪ್ಪನ ಕಿವಿಯಲ್ಲಿ ಆ ಗುಳುಗುಳು ಸದ್ದು ಶುರುವಾಯಿತು. ನೂರು ಕಿಲೋಮೀಟರ್ ಆಚೆ ಬಿಟ್ಟು ಬಂದದ್ದು ಇಲ್ಲಿಗೂ ಬಂದಿತ್ತು.

ಮುನಿಯಕ್ಕ ಬಾಟಲಿ ತೆರೆದು ಲೋಟಕ್ಕೆ ಬಗ್ಗಿಸಿದಳು. ಅವಳ ದನಿ ಸಣ್ಣಗಾಯಿತು.

"ನಮ್ ಕೈಯಾಗಿನ ನೀರು ಅನ್ಬ್ಯಾಡಿ ಅಕ್ಕಯ್ಯ. ಗಂಗಮ್ಮಂಗೆ ಜಾತಿ ಇಲ್ಲ. ಒಂದ್ ಗುಟುಕು ಕುಡೀಲಿ ಮಗ."

ಬನಶಂಕರಮ್ಮ ಒಂದು ಗಳಿಗೆ ತಡೆದಳು, ಆಮೇಲೆ ತಲೆಯಾಡಿಸಿದಳು. ಪ್ರಮೀಳಾ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ಹಣೆಗೆ ಮುಟ್ಟಿಸಿದಳು.

ಆಂಜನಪ್ಪ ಅವಳ ಕೈಯಿಂದ ಲೋಟ ಕಸಿದುಕೊಂಡ.

"ಕುಡೀಬ್ಯಾಡ."

ಅಂಗಡಿಯ ಬಾಗಿಲಲ್ಲಿ ತಿಪ್ಪೇಶ ಅಳತೆಕೋಲು ಹಿಡಿದು ನಿಂತುಬಿಟ್ಟ. ಮುನಿಯಕ್ಕ ಮೊದಲು ಲೋಟವನ್ನು ನೋಡಿದಳು, ಆಮೇಲೆ ಅವನ ಮುಖವನ್ನು.

"ಇಪ್ಪತ್ತು ವರ್ಸ ನಿಮ್ ಮನೇಲಿ ದುಡಿದೀನಿ. ನಿಮ್ ಮಗೀಗೆ ಕುಂಡಿ ತೊಳ್ದೀನಿ. ಅದುಕ್ಕೆಲ್ಲ ಈ ಕೈ ಆಯ್ತಿತ್ತು" ಎಂದಳು. "ಒಂದ್ ಗುಟುಕು ನೀರಿಗೆ ಮೈಲಿಗೆ ಆಗೋಯ್ತಾ ಅಣ್ಣ?"

ಲೋಟ ಆಂಜನಪ್ಪನ ಕೈಯಲ್ಲೇ ಇತ್ತು. ಸುಮ್ಮನಿದ್ದರೆ ಸಾಕಿತ್ತು. ಮುನಿಯಕ್ಕ ಚೀಲ ಎತ್ತಿಕೊಂಡು ಹೋಗುತ್ತಾಳೆ, ಹಟ್ಟಿಯವರು ಬೈಯುತ್ತಾರೆ, ಬಣ್ಣದವರ ಮಡಿ ಅಂಥದ್ದು ಎನ್ನುತ್ತಾರೆ. ಆ ಬೈಗುಳ ಹೊಸದಲ್ಲ, ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಬೋರಿನ ಮಾತು ಯಾರಿಗೂ ತಿಳಿಯುವುದಿಲ್ಲ. ಮೈಲಿಗೆ ಎಂಬ ಒಂದು ಸುಳ್ಳಿನ ಹಿಂದೆ ಅವನು ಜೀವನಪೂರ್ತಿ ನಿಲ್ಲಬಹುದಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿಯೂ ಆಗಿತ್ತು.

ಅವನು ಲೋಟ ಎತ್ತಿ ಎಲ್ಲರ ಮುಂದೆ ಅಷ್ಟೂ ಕುಡಿದ.

ಸೋಡಾ. ಸೋಪು. ಕೊನೆಯಲ್ಲಿ ನಾಲಿಗೆಯ ಅಂಚನ್ನು ಹಿಡಿಯುವ ಆಸಿಡ್. ಅವನ ಹಿತ್ತಲ ವಾಸನೆಯೆಲ್ಲ ಆ ಒಂದು ಲೋಟದಲ್ಲಿತ್ತು.

"ಮೈಲಿಗೆ ಅಲ್ಲ ಮುನಿಯಕ್ಕ" ಎಂದ. "ಇದು ನಮ್ ಹಂಡೆ ನೀರು. ಬೋರಿಗೆ ಹುಯ್ದಿದ್ದು ನಿಮ್ ಬಾವಿಗೆ ಬಂದೈತೆ. ಹಸಿರು ಮಾಡಿದ್ದು ಗಂಗಮ್ಮ ಅಲ್ಲ. ನಾನು. ಬೋರಿಗೆ ಹಸಿರು ಹಾಕಿ, ನಿಮ್ ಬಾವಿಗೆ ಬತ್ತದೋ ಇಲ್ವೋ ನೋಡಾಕೆ ಲಡಿ ಬಿಟ್ಟೆ. ಹರಕೆ ಅಂದಿದ್ದು ಸುಳ್ಳು."

ಮುನಿಯಕ್ಕ ನೆಲದ ಮೇಲೆ ಕೂತಳು.

"ಅಂದ್ರೆ ನಾನ್ ಹೊತ್ತು ಹಾಕಿದ್ದು?"

"ಹೂಂ."

"ಹೊತಾರೆ ಹೊತ್ತು ಹಾಕಿ, ಬೈಗಿಗೆ ಮನೆಗೋಗಿ ಸೇದಿ ಕುಡ್ದಿದ್ದು?"

ಅವನು ತಲೆ ತಗ್ಗಿಸಿದ.

"ಮಗೀಗೆ ಹಾಲು ಕಲಸಿದ್ದು? ಅತ್ತೆ ತಲೆಗೆ ಹುಯ್ದಿದ್ದು?" ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಗೆರೆಗಳ ಸಂದಿಯಲ್ಲಿ ಹಳೆಯ ಕೆಂಪು ಕೂತಿತ್ತು. "ಯಾವತ್ತಿಂದ ಗೊತ್ತು ನಿಮಗೆ?"

ಇದನ್ನು ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ.

"ಕಿವಿ ಚುಚ್ಚಿಸಿದ ದಿನದಿಂದ. ಅನುಮಾನ ಇತ್ತು."

"ತಿಂಗಳ ಮೇಲಾಯ್ತು."

"ಹೂಂ."

"ತಿಂಗಳು ನಾವು ಕುಡಿದ್ವಿ. ನೀವು ದಿನಾ ಬಂದು ಕಟ್ಟೆ ಮೇಲೆ ನಿಂತ್ಕಂಡು ನೋಡಿದ್ರಿ. ನಾನು ನಿಮಗೆ ಕುಡಿಯಾಕೆ ಸೋಡಾ ತರಿಸ್ಲಾ ಅಂತ ಬೇರೆ ಕೇಳ್ದೆ."

ಬನಶಂಕರಮ್ಮ ಅಳುತ್ತಿದ್ದಳು. ಮುನಿಯಕ್ಕ ಅಳಲಿಲ್ಲ. ಬಾಟಲಿಯಲ್ಲಿ ಉಳಿದ ನೀರನ್ನು ಹಿತ್ತಲಿಗೆ ತೆಗೆದುಕೊಂಡು ಹೋದಳು. ಎಲ್ಲಿ ಚೆಲ್ಲುವುದೆಂದು ಆಚೆ ಈಚೆ ನೋಡಿ, ಚೆಲ್ಲದೆ ಮುಚ್ಚಳ ಬಿಗಿದು ವಾಪಸು ತಂದಳು.

"ಏಳಿ" ಎಂದಳು. "ನಾನ್ ಹೇಳಿದ್ರೆ ಯಾರೂ ನಂಬಾಕಿಲ್ಲ. ನೀವೇ ಬಂದು ಹೇಳಿ."

ಮರುದಿನ ಬೆಳಿಗ್ಗೆ ಗುಂಡುಬಂಡೆಯ ಬಾವಿಕಟ್ಟೆಯ ಮೇಲೆ ನಿಂತು ಆಂಜನಪ್ಪ ಎಲ್ಲವನ್ನೂ ಹೇಳಿದ. ಹೊಡೆಯುತ್ತಾರೆ ಎಂದುಕೊಂಡಿದ್ದ. ನರಸಪ್ಪನೊಬ್ಬ ಕೊರಳಪಟ್ಟಿಗೆ ಕೈ ಹಾಕಿದ. ಮಿಕ್ಕವರು ಅವನನ್ನು ಬಿಡಿಸಿ, ಆಂಜನಪ್ಪನನ್ನು ಮರುಕದಿಂದ ನೋಡಿದರು. ಅವರು ನಂಬಲಿಲ್ಲ.

"ಅರ್ಧ ಮೈಲಿ ಬಂಡೆ ಒಳಗೆ ಬಣ್ಣ ಬತ್ತದಾ?" ಎಂದ ಹಟ್ಟಿಯ ಹಿರಿಯ ಮರುಳಪ್ಪ. "ಊರೆಲ್ಲ ಒಣಗ್ದಾಗ ನಮಗೆ ನೀರು ಕೊಟ್ಟಿದ್ದು ನಿನ್ ಜಾಲಾಡಿದ ನೀರಾ? ಅಮ್ಮ ಹರಕೆ ಒಪ್ಪಿಸ್ಕೊಂಡಿದ್ ನೋಡಿ ತಲೆ ಕೆಟ್ಟೈತೆ ನಿಂಗೆ. ಹೋಗು, ಹೋಗಿ ಮಲಗು ಬಣ್ಣದಪ್ಪ."

ಅಂದು ಶುಕ್ರವಾರವೂ ಅಲ್ಲ. ಹೆಂಗಸರು ಅವನನ್ನು ಸುತ್ತುಹಾಕಿ ಬಂದು ಕಟ್ಟೆಗೆ ಕುಂಕುಮ ಹಚ್ಚಿದರು.

ಮುನಿಯಕ್ಕ ಜಾಲಿಮುಳ್ಳು ಎಳೆದು ತಂದು ಬಾವಿಯ ಬಾಯಿಗೆ ಹಾಕಿದಳು. ಸಂಜೆಯೊಳಗೆ ಯಾರೋ ತೆಗೆದುಹಾಕಿದ್ದರು. ಮತ್ತೆ ಹಾಕಿದಳು, ಮತ್ತೆ ತೆಗೆದರು. ಅವಳ ಮನೆಯೂ ಸೇರಿ ಮೂರು ಮನೆಯವರು ಆ ನೀರು ಬಿಟ್ಟರು. ಮೂರು ಮನೆಯವರು ಬಿಡಲಿಲ್ಲ. ಆಂಜನಪ್ಪನ ಮನೆಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಹೋಗಲು ಕೆಲಸವೂ ಇರಲಿಲ್ಲ. ಅವನು ಬೋರಿಗೆ ಕಲ್ಲು ಸಿಮೆಂಟು ತುಂಬಿ, ಹಂಡೆಗಳನ್ನು ಬೋರಲು ಹಾಕಿದ್ದ.

ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಅವನು ನಂಬಿದ್ದ. ಮಳೆಗಾಲ ಕಳೆದ ಮೇಲೆ ಇನ್ನೊಂದು ಬಿಳಿ ಲಡಿ ಬಿಟ್ಟು ನೋಡಿದ. ಹಸಿರಿನ ಜೊತೆ ರಾಣಿ ಬಣ್ಣವೂ ಬಂತು. ಮರುವರ್ಷ ಬಿಟ್ಟದ್ದರಲ್ಲಿ ಹಸಿರು ತೆಳುವಾಗಿ, ಅದರಡಿ ಹಳೆಯ ನೇರಳೆ ಎದ್ದಿತ್ತು. ಐದು ವರ್ಷ ಕುಡಿದದ್ದನ್ನು ಬಂಡೆ ತನ್ನ ಬೀದಿಗಳಲ್ಲಿ ಎಲ್ಲೆಲ್ಲೋ ಇಟ್ಟುಕೊಂಡಿತ್ತು. ಯಾವಾಗ ಮುಗಿಯುತ್ತದೆಂದು ಕೊಟ್ಟೂರಪ್ಪನನ್ನು ಕೇಳಿದರೆ ಅವನು ಬೀಡಿ ಹಚ್ಚಿದ.

ಹೇಳಿ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಆಂಜನಪ್ಪ ಒಂದು ಹಳೆಯ ಸೈಕಲ್ಲಿಗೆ ಎರಡೂ ಕಡೆ ಕೊಕ್ಕೆ ಹಾಕಿಸಿದ. ಮುನಿಸಿಪಾಲಿಟಿ ನಲ್ಲಿಯಲ್ಲಿ ನೀರು ಬಿಟ್ಟ ದಿನ ಸಾಲಿನಲ್ಲಿ ನಿಂತು ಹಿಡಿದು, ನಾಲ್ಕು ಕೊಡಗಳನ್ನು ತೂಗುಹಾಕಿ, ಗುಂಡುಬಂಡೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದು ನಡೆಸಿಕೊಂಡು ಬರುತ್ತಿದ್ದ. ಮೂರು ಸಲ ಹತ್ತಿ ಇಳಿದರೆ ಹಟ್ಟಿಗೆಲ್ಲ ಕುಡಿಯುವಷ್ಟಾಗುತ್ತಿತ್ತು. ನಂಬದವರ ಬಾಗಿಲಿಗೂ ಕೊಡ ಇಟ್ಟು ಬರುತ್ತಿದ್ದ. ನಂಬದಿದ್ದರೂ ಸೇದುವ ಶ್ರಮ ಉಳಿಯಿತೆಂದು ಅವರು ಆ ನೀರನ್ನು ಕುಡಿಯುತ್ತಿದ್ದರು. "ಬಂದ್ನಪ್ಪ ಗಂಗಮ್ಮನ್ ಸವತಿ" ಎಂದು ನಗುತ್ತಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ಮಾತ್ರ ಬಾವಿ ರಾಟೆಯ ಕಿರ್ರ್ ಸದ್ದು ಕೇಳಿಸುತ್ತಿತ್ತು, ಆಗ ಅವನು ಅನ್ನ ಬಿಟ್ಟು ಏಳುತ್ತಿದ್ದ. ಅರ್ಧ ಮೈಲಿ ಆಚೆಯ ಸದ್ದು ಮನೆಗೆ ಕೇಳುವುದಿಲ್ಲ ಎಂದು ಬನಶಂಕರಮ್ಮ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಮುನಿಯಕ್ಕನ ಜಗಲಿಯಲ್ಲಿ ಕೊಡ ಇಳಿಸಿದಾಗ ದೊಡ್ಡಜ್ಜಿ ಎಚ್ಚರವಾಗಿದ್ದಳು. ಜ್ವರ ಬಿಟ್ಟು ಎರಡು ದಿನವಾಗಿತ್ತು, ಬಾಯಿ ಒಣಗಿತ್ತು. ಮುನಿಯಕ್ಕ ಒಳಗೆ ಒಲೆ ಮುಂದೆ ಇದ್ದಳು. ಆಂಜನಪ್ಪನೇ ಲೋಟಕ್ಕೆ ಬಗ್ಗಿಸಿ, ತಲೆ ಎತ್ತಿ ಹಿಡಿದು ಕುಡಿಸಿದ. ಮುದುಕಿ ಒಂದು ಗುಟುಕು ನುಂಗಿ ಮುಖ ಸಿಂಡರಿಸಿದಳು.

"ಇದೇನ್ ನೀರಪ್ಪ, ಸಪ್ಪೆ. ಉಪ್ಪಿಲ್ಲ, ಹುಳಿಯಿಲ್ಲ" ಎಂದಳು. "ಯಾರ್ಲಾ ನೀನು? ನಮ್ ಗಂಗಮ್ಮನ್ ನೀರು ತಾ, ನಿನ್ ದಮ್ಮಯ್ಯ. ಒಂದ್ ಗುಟುಕು. ಬಾಯಿಗೆ ರುಚಿ ಹತ್ತಲಿ."

ಮುನಿಯಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ದೊಡ್ಡಜ್ಜಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು, ಆಂಜನಪ್ಪ ಸಪ್ಪೆ ನೀರಿನ ಲೋಟ ಹಿಡಿದುಕೊಂಡು ಕೂತೇ ಇದ್ದ.